ಬೆಟ್ಟದ ತಿರುವಿನಲ್ಲಿ ಬಂದ ವಾಸನೆ

"ಇಳಿಯೇ ಕೆಳಗೆ! ಕ್ಲಚ್ ಸುಟ್ಟಾಕ್ಬುಟ್ಟೆ!" ಎಂದು ನಂಜುಂಡಸ್ವಾಮಿ ಕೂಗಿದಾಗ ಅವರ ಹಳೇ ಕಾರು ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿತ್ತು, ಸ್ಟೀರಿಂಗ್ ಅವನ ಹೆಂಡತಿ ಮಂಗಳಮ್ಮನ ಕೈಯಲ್ಲಿತ್ತು. ಕಾರಿಗೆ ಏನೂ ಆಗದಂತೆ ಬೆಟ್ಟ ಹತ್ತಿಸಿದರೆ ಇನ್ನು ಮುಂದೆ ಅವಳೂ ಓಡಿಸಬಹುದು, ಇಲ್ಲವಾದರೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ ಎಂಬುದು ಗಂಡಹೆಂಡಿರ ಕರಾರು.

ಮಂಗಳಮ್ಮ ಗಡಿಬಿಡಿಯಿಲ್ಲದೆ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು ಮೂಗರಳಿಸಿದಳು. ಕ್ಲಚ್ ಸುಟ್ಟ ವಾಸನೆಯನ್ನು ಕಲಿಯುವಾಗ ಬೇಕಾದಷ್ಟು ಮೂಸಿದ್ದಳು. ಇದು ಅದಲ್ಲ.

"ಕ್ಲಚ್ ಅಲ್ಲ ಕಣ್ರೀ. ಯಾರೋ ಕೊಬ್ಬರಿ ಹುರಿಯಕ್ಕಿಟ್ಟು ಮರ್ತವ್ರೆ."

"ಇಂಜಿನ್ನು ಅಂದ್ರೆ ನಿನ್ನ ಅಡುಗೆಮನೆ ಒಲೆ ಅಂದ್ಕೊಂಡ್ಯಾ?"

ಅವಳು ಇಳಿದು ಬಾನೆಟ್ ಎತ್ತಿದಳು; ಅವನೂ ಇಳಿದು ಬಂದ. ಕಾದ ಹೊಗೆಕೊಳವೆಗೆ ಒರಗಿಕೊಂಡು, ಅರಿಶಿನ ಕುಂಕುಮ ಮೆತ್ತಿದ ತೆಂಗಿನ ಹೋಳೊಂದು ಕರ್ರಗೆ ಸೀದು ಎಣ್ಣೆ ಬಿಡುತ್ತಿತ್ತು. ನಿನ್ನೆ ಆಯುಧಪೂಜೆಯಲ್ಲಿ, ಬರೀ ಕಾರಿನ ಮೂತಿಗೆ ಪೂಜೆ ಮಾಡಿದರೆ ಸಾಲದು, ದುಡಿಯುವುದು ಇಂಜಿನ್ನು ಎಂದು ಬಾನೆಟ್ ಎತ್ತಿಸಿ ಅದರೊಳಗೂ ಕಾಯಿ ಒಡೆದಿಟ್ಟವನು ನಂಜುಂಡಸ್ವಾಮಿಯೇ.

ಮಂಗಳಮ್ಮ ಸೆರಗು ಸುತ್ತಿದ ಕೈಯಲ್ಲಿ ಹೋಳನ್ನು ತೆಗೆದು ಗಂಡನ ಮುಂದೆ ಹಿಡಿದಳು. "ನೈವೇದ್ಯ ಇಟ್ಟೋರು ಎತ್ಕೊಳ್ಳೋದನ್ನೂ ಕಲೀಬೇಕು, ತಗೊಳ್ಳಿ." ಕೊಳವೆಗೆ ಅಂಟಿದ್ದ ಎಣ್ಣೆ ಒರೆಸಿ, ಬಾನೆಟ್ ಮುಚ್ಚಿ, ಮತ್ತೆ ಸ್ಟೀರಿಂಗ್ ಹಿಂದೆ ಹೋಗಿ ಕೂತಳು.

ನಂಜುಂಡಸ್ವಾಮಿ ಬಿಸಿ ಹೋಳನ್ನು ಕೈಯಿಂದ ಕೈಗೆ ಬದಲಾಯಿಸಿದ. ಆಮೇಲೆ ಅದನ್ನು ರಸ್ತೆ ಬದಿಯ ಕಟ್ಟೆಯ ಮೇಲಿಟ್ಟು, ಸೀಟಿನಡಿಯಿಂದ ಸ್ಟಾರ್ಟಿಂಗ್ ಹ್ಯಾಂಡಲ್ ಎಳೆದುಕೊಂಡು, ಅವಳಿಗಾಗಿ ಇಂಜಿನ್ ತಿರುಗಿಸಲು ಕಾರಿನ ಮುಂದಕ್ಕೆ ಹೋದ.