ಮಡಿ ನಾಣ್ಯ

ಮಖಮಲ್ಲಿನ ಡಬ್ಬಿ ಖಾಲಿಯಾಗಿತ್ತು. ಐಶ್ವರ್ಯ ಅದನ್ನು ತಲೆಕೆಳಗು ಮಾಡಿ ಕೊಡವಿದಳು. ಇನ್ನು ಹತ್ತು ನಿಮಿಷಕ್ಕೆ ನಾಣ್ಯ ಸಂಗ್ರಾಹಕ ದ್ವಾರಕನಾಥ ಅಂಕಲ್ ಊರಿನ ಇನ್ನೊಂದು ಬದಿಯ ಬುಕಿತ್ ಪಂಜಾಂಗ್‌ನಿಂದ ಯಿಶುನ್‌ನ ಅವಳ ಮನೆಗೆ ಬರುವವರಿದ್ದರು. ಅವಳಲ್ಲಿದ್ದ ಲೂಯಿ ದೊರೆಯ ಬೆಳ್ಳಿ ನಾಣ್ಯ ತೆಗೆದುಕೊಂಡು, ಅವನಪ್ಪ ಶಾರ್ಲ್‌ಮೇನ್ ಚಕ್ರವರ್ತಿಯ ನಾಣ್ಯ ಕೊಡಲು ಒಪ್ಪಿದ್ದರು. ಎರಡು ವರ್ಷದಿಂದ ಅವಳ ಕನಸಿನಲ್ಲೂ ಬರುತ್ತಿದ್ದ ನಾಣ್ಯ ಅದು. ಅಂಕಲ್‌ದು ಒಂದೇ ಷರತ್ತು: ತೊಳೆದಿರಬಾರದು. ಸಾವಿರದ ಇನ್ನೂರು ವರ್ಷ ಕೂತು ಹಿಡಿದ ಕಪ್ಪೇ ಹಳತನದ ಸಾಕ್ಷಿ.

"ಅಜ್ಜಿ, ನನ್ನ ಕಾಯಿನ್ ನೋಡಿದ್ಯಾ?"

ಗದಗಿನಿಂದ ಈ ಪರದೇಶಕ್ಕೆ ಬಂದು ತಿಂಗಳಾಗಿದ್ದ ಮುರಿಗೆವ್ವ ದೇವರ ಜಗಲಿಯತ್ತ ಗದ್ದ ಎತ್ತಿದರು. ಅಲ್ಲಿ, ಬಸವಣ್ಣನ ಪಕ್ಕ, ದಾಸವಾಳದ ಮೇಲೆ, ಲೂಯಿ ದೊರೆ ಹೊಸ ಸ್ಟೀಲ್ ಚಮಚದಂತೆ ಹೊಳೆಯುತ್ತಿದ್ದ.

"ತೊಳೆದ್ಯಾ?"

"ವಿಭೂತಿ ಹಚ್ಚಿ ತಿಕ್ಕಿ, ಬೆಳ್ಳಿ ಬಟ್ಟಲದಾಗ ಅಭಿಷೇಕ ಮಾಡೀನಿ. ನೀ ದಿನಾ ಕೈ ತೊಳಕೊಂಡು, ಬರಿಗೈಲೆ ಮುಟ್ಟದ, ಡಬ್ಬಿ ತಗದು ದರ್ಶನ ತಗೋತಿದ್ದಿ. ಹೂವಿಲ್ಲ, ನೀರಿಲ್ಲ. ಪಾಪ, ಉಪವಾಸ ಕೂತಿತ್ತು ದೇವ್ರು."

"ದೇವ್ರಲ್ಲ ಅಜ್ಜಿ. ಯಾವ್ದೋ ಕಾಲದ ಯುರೋಪ್ ಕಿಂಗ್‌ದು."

"ಅದರ ಮ್ಯಾಲ ನಾಲ್ಕು ಕಂಬದ ಗುಡಿ ಐತಿ. ನಡುವ ಲಿಂಗ ಐತಿ. ಮತ್ತೇನು?"

"ಅದು ಲಿಂಗ ಅಲ್ಲ, ಕ್ರಾಸ್."

"ಇದ್ದೀತು. ಸವದು ಲಿಂಗ ಆಗೇತಿ."

ಕರೆಗಂಟೆ ಸದ್ದಾಯಿತು. ಹೊರಗಿನವರಿಗೆ 'ಬನ್ನಿ' ಎನ್ನುವುದನ್ನೂ ಮನಸ್ಸಿನಲ್ಲಿ ಎರಡು ಸಲ ಹೇಳಿ ನೋಡಿಕೊಳ್ಳುವ ಹುಡುಗಿ ಐಶ್ವರ್ಯ. 'ಅಂಕಲ್, ತೊಳೆದುಬಿಟ್ಟಿದ್ದಾರೆ' ಎಂಬ ವಾಕ್ಯವನ್ನು ಅವಳಿನ್ನೂ ಹೊಂದಿಸುತ್ತಿದ್ದಳು. ಅಷ್ಟರಲ್ಲಿ ಅಂಕಲ್ ಒಳಗೆ ಬಂದು, ಜಗಲಿ ಕಂಡು ಕೈಮುಗಿದಾಗಿತ್ತು. ಮುರಿಗೆವ್ವ ಬೆಳ್ಳಿ ಬಟ್ಟಲು ಹಿಡಿದು ಬಂದರು.

"ತೀರ್ಥ ತಗೋರಿ."

ಅಂಕಲ್ ಭಕ್ತಿಯಿಂದ ಬಲಗೈ ಒಡ್ಡಿ ಕುಡಿದು, ಉಳಿದ ಪಸೆಯನ್ನು ತಲೆಗೆ ಸವರಿಕೊಂಡರು. ಆಮೇಲೆ ಬಿಳಿ ಕೈಗವಸು ತೊಟ್ಟು, ಐಶ್ವರ್ಯ ಜಗಲಿಯಿಂದ ತೆಗೆದು ನೀಡಿದ ನಾಣ್ಯವನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಎರಡೂ ಬದಿ ತಿರುಗಿಸಿ ನೋಡಿದರು.

"ಅಲ್ಲಮ್ಮಾ, ಫೋಟೋದಲ್ಲಿ ಫುಲ್ ಬ್ಲ್ಯಾಕ್ ಇತ್ತು. ಆ ಕಪ್ಪೆಲ್ಲ ಎಲ್ಲಿ ಹೋಯ್ತು?"

ಐಶ್ವರ್ಯ ಅಜ್ಜಿಯತ್ತ ನೋಡಿದಳು. ಮುರಿಗೆವ್ವ ಬಟ್ಟಲೊಳಗೆ ಇಣುಕಿದರು.

"ಈಗ ನೀವ ಕುಡದ್ರಲ್ಲ. ಇನ್ನೊಂದೀಟು ಉಳದೈತಿ, ಹಾಕ್ಲೇನ್ರಿ?"