ಹಾರಿಹೋದ ನೀಲಿ ಸ್ಟಾಂಪು

ಗಂಡನ ಆಲ್ಬಮ್ಮುಗಳನ್ನು ಯಾರಿಗಾದರೂ ಕೊಟ್ಟುಬಿಡುವ ಮುನ್ನ ಅವಳಿಗೆ ಒಂದೇ ಒಂದು ಸ್ಟಾಂಪಿನ ವಿಷಯ ತಿಳಿಯಬೇಕಿತ್ತು. ಸ್ವಿಟ್ಜರ್‌ಲೆಂಡಿನದು, ಹಳೆಯದು, ನೀಲಿ. ಗಂಡ ಅದನ್ನು ಪರೀಕ್ಷಿಸಲು ಕೂತಾಗ ಅವಳು ಮರೆತು ಫ್ಯಾನು ಹಾಕಿದ್ದಳು. ಹಾರಿಹೋದದ್ದು ಸಿಕ್ಕಿದ್ದು ಅವರು ತೀರಿಕೊಂಡ ಮೇಲೆ, ಬೀರುವಿನ ಅಡಿಯಲ್ಲಿ.

"ಆಸ್ಪತ್ರೇಲೂ ಅದನ್ನೇ ಕೇಳ್ತಿದ್ರಪ್ಪ, ಸಿಕ್ತಾ, ಯಾವ ಜಾತಿ ಅಂತ," ಎನ್ನುತ್ತ ಅವಳು ಸ್ಟಾಂಪು ಪರೀಕ್ಷಿಸಲು ಬಂದವನನ್ನು ಮೇಜಿನೆದುರು ಕೂರಿಸಿದಳು. ಸೆಕೆಯೆಂದು ಅಭ್ಯಾಸಬಲದಿಂದ ಫ್ಯಾನೂ ಹಾಕಿ ಅವನೆದುರು ಕೂತಳು.

ಅವನು ಸ್ಟಾಂಪಿನ ಅಂಚಿನ ಹಲ್ಲುಗಳನ್ನು ಅಳತೆಪಟ್ಟಿಯ ಮೇಲಿಟ್ಟು ನೋಡಿದ.

"ಇದ್ರಲ್ಲಿ ಎರಡು ಜಾತಿ ಇದೆ, ಅಮ್ಮ. ಹಲ್ಲು ಎರಡಕ್ಕೂ ಒಂದೇ ಥರ. ಕಾಗದದೊಳಗೆ ಶಿಲುಬೆ ವಾಟರ್‌ಮಾರ್ಕ್ ಇದ್ಯಾ ಅಂತ ನೋಡ್ಬೇಕು."

ಕಪ್ಪು ತಟ್ಟೆಯಲ್ಲಿ ಸ್ಟಾಂಪನ್ನು ಬೋರಲು ಹಾಕಿ ಅದರ ಮೇಲೆ ಬೆಂಜಿನ್ ತೊಟ್ಟಿಕ್ಕಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ಬಾಗಿದರು. ಒದ್ದೆ ಕಾಗದದಲ್ಲಿ ಪುಟ್ಟ ಶಿಲುಬೆಯೊಂದು ಮೆಲ್ಲಗೆ ಮೂಡಿತು; ನೋಡುತ್ತಿದ್ದಂತೆಯೇ ಒಣಗಿ ಮರೆಯಾಯಿತು.

"ಇದೆ ಅಮ್ಮ. ಶಿಲುಬೆ ಇರೋ ಜಾತಿನೇ."

ಅವಳು ಕಣ್ಣೊರೆಸಿಕೊಂಡಳು.

"ನೀವು ನೆನಪಿಟ್ಟು ಫ್ಯಾನು ಆರಿಸಿದ್ದು ಒಳ್ಳೇದಾಯ್ತು," ಎಂದ ಅವನು. "ಇಲ್ದಿದ್ರೆ ಕಾಣೋಕೆ ಮುಂಚೆನೇ ಒಣಗಿಬಿಡ್ತಿತ್ತು. ಈಗ ಹಾಕ್ಬಹುದು."

"ನಾನು ಕೂತಲ್ಲಿಂದ ಎದ್ದೇ ಇಲ್ಲ. ನೀನಲ್ವೇನಪ್ಪ ಆರಿಸಿದ್ದು?"

ಇಬ್ಬರೂ ಗೋಡೆಯ ಕಡೆ ತಿರುಗಿದರು. ಸ್ವಿಚ್ಚು ಟಕ್ಕೆಂದು ಕೆಳಗಿಳಿಯಿತು, ಫ್ಯಾನು ತಿರುಗತೊಡಗಿತು.