ಅಜ್ಜಿಯ ಹಲ್ಲು ತೊಳೆದ ಚುಕ್ಕಿ

ದಾವಣಗೆರೆಯ ಒಂದು ಪುಟ್ಟ ಮನೆ... ಬಚ್ಚಲ ಬಾಗಿಲಲ್ಲಿ ವಾರಿಜ ಬ್ರಷ್ ಹಿಡಿದು ನಿಂತಿದ್ದಳು.

ನಾಲ್ಕು ವರ್ಷದ ಮಗಳು ಚುಕ್ಕಿ ತುಟಿ ಬಿಗಿದು ಗೋಡೆಗೆ ಅಂಟಿಕೊಂಡಿದ್ದಳು.

ಅವಳ ಮುಂದಿನ ಹಲ್ಲುಗಳ ಅಂಚು ಕಪ್ಪಾಗಿತ್ತು. ಶಿಶುವಿಹಾರದಲ್ಲಿ ಯಾರೋ "ಕರಿ ಹಲ್ಲು" ಎಂದು ಆಡಿಕೊಂಡಿದ್ದರು. ಅಂದಿನಿಂದ ನಗು ಬಂದರೂ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು... ಬ್ರಷ್ ಕಂಡರಂತೂ ಬಾಯಿಗೆ ಬೀಗ.

ಹಲ್ಲಿನ ಡಾಕ್ಟರಮ್ಮ ಹೇಳಿದ್ದರು, "ಹಾಲುಹಲ್ಲು ಅಂತ ಬಿಡಬೇಡಿ. ಮುಂದೆ ಬರೋ ಹಲ್ಲಿಗೆ ಅವೇ ಜಾಗ ಕಾಯೋದು. ದಿನಾ ಎರಡು ಹೊತ್ತು ಉಜ್ಜಿದ್ರೆ ಉಳಿಸಬಹುದು, ಇಲ್ಲಾಂದ್ರೆ ಕೀಳಬೇಕಾಗುತ್ತೆ."

ಅತ್ತೆ ನೀಲಮ್ಮನವರಿಗೆ ಇದು ಒಪ್ಪಿಗೆಯಾಗಿರಲಿಲ್ಲ.

"ಬಿದ್ದು ಹೋಗೋ ಹಲ್ಲಿಗೆ ಯಾಕವ್ವ ಇಷ್ಟು ರಗಳೆ? ಸಗಣಿ ಉಂಡೇಲಿಟ್ಟು ಮಾಳಿಗೆ ಮೇಲೆ ಎಸೆದ್ರೆ ಹೊಸಾವು ಬರ್ತಾವೆ."

ಅವತ್ತು ಬೆಳಿಗ್ಗೆ ವಾರಿಜಳಿಗೆ ತಡೆಯಲಾಗಲಿಲ್ಲ. "ಅತ್ತೆ, ಮಲಗಿಸುವಾಗ ದಿನಾ ಸಕ್ಕರೆ ಹಾಲಿನ ಬಾಟಲಿ ಬಾಯಿಗಿಟ್ರಲ್ಲ... ಅದಕ್ಕೇ ಹಿಂಗಾಗಿದ್ದು."

ನೀಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದರು.

ಅನ್ನ ಬಸಿಯುವಾಗಲೂ, ಬಟ್ಟೆ ಮಡಚುವಾಗಲೂ ಆ ಮಾತು ವಾರಿಜಳನ್ನೇ ಚುಚ್ಚುತ್ತಿತ್ತು. ಆ ಸಕ್ಕರೆ ಹಾಕಿದ್ದು ಪ್ರೀತಿಯಿಂದಲೇ ಅಲ್ಲವೇ...

ರಾತ್ರಿ ಊಟವಾಯಿತು. ಪಾತ್ರೆ ತೊಳೆಯುತ್ತಿದ್ದವಳಿಗೆ ಬಚ್ಚಲಿನಿಂದ ಕಿಲಕಿಲ ನಗು ಕೇಳಿಸಿತು.

ಇಣುಕಿ ನೋಡಿದರೆ... ಅತ್ತೆ ಮಣೆಯ ಮೇಲೆ ಕೂತಿದ್ದಾರೆ. ಬೊಚ್ಚುಬಾಯಿ. ಅಂಗೈಯಲ್ಲಿ ಹಲ್ಲಿನ ಸೆಟ್. ಚುಕ್ಕಿ ಅಜ್ಜಿಯ ಬ್ರಷ್ ಹಿಡಿದು ಅದನ್ನು ಉಜ್ಜುತ್ತಿದ್ದಾಳೆ.

ವಾರಿಜ ನಿಂತಲ್ಲೇ ನಿಂತಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬರಿಬಾಯಿಯನ್ನು ಅವಳು ನೋಡಿರಲಿಲ್ಲ. ಲೈಟ್ ಆರಿಸಿದ ಮೇಲೆಯೇ ಅವರು ಸೆಟ್ ತೆಗೆಯುತ್ತಿದ್ದುದು. ಹೆತ್ತ ಮಗನೆದುರೂ ಸೆರಗು ಅಡ್ಡ...

"ಅಜ್ಜಿ, ನಿನ್ ಹಲ್ಲೆಲ್ಲಾ ಎಲ್ಲಿ ಹೋದ್ವು?"

"ನಾನೂ ನಿನ್ನಂಗೇ ಬಾಯಿ ಬಿಡ್ತಿರಲಿಲ್ಲ ಕಣವ್ವ. ಹುಳ ಹಿಡಿದು ಒಂದೊಂದೇ ಹೋದ್ವು."

"ನಿನಗೂ ಕರಿ ಹಲ್ಲು ಅಂದ್ರಾ?"

"ಅಂದ್ರು. ಅವತ್ತು ಮುಚ್ಕೊಂಡ ಬಾಯಿ... ಇವತ್ತು ನಿನ್ನ ಮುಂದೇನೇ ಬಿಟ್ಟಿದ್ದು."

ಚುಕ್ಕಿ ತನ್ನ ಪುಟ್ಟ ಬ್ರಷ್ ತಂದು ಅಜ್ಜಿಯ ಕೈಗಿಟ್ಟಳು.

"ನಿಂದು ಮುಗೀತು. ಈಗ ನಂದು."

ಬಾಯಿ ಅಗಲವಾಗಿ ತೆರೆಯಿತು...

ನೀಲಮ್ಮ ಮೆಲ್ಲಗೆ, ಒಂದೊಂದೇ ಹಲ್ಲು ಉಜ್ಜಿದರು. ತಲೆ ಎತ್ತಿದಾಗ ಬಾಗಿಲಲ್ಲಿ ಸೊಸೆ ಕಂಡಳು. ಕೈ ತಾನಾಗಿಯೇ ಸೆರಗಿಗೆ ಹೋಯಿತು... ಅರ್ಧದಲ್ಲೇ ನಿಂತಿತು.

"ಈಗ ನಾನು ಮುಚ್ಕೊಂಡ್ರೆ ಇವಳೂ ಮುಚ್ಕೋತಾಳೆ" ಎಂದು ಬೊಚ್ಚುಬಾಯಲ್ಲೇ ನಕ್ಕರು.

ವಾರಿಜಳ ಕಣ್ಣು ತುಂಬಿ ಬಂತು. "ಬೆಳಿಗ್ಗೆ ನನ್ ಮಾತು ಜಾಸ್ತಿ ಆಯ್ತು ಅತ್ತೆ."

"ಸುಮ್ನಿರು. ಇನ್ಮೇಲೆ ಮಲಗುವಾಗ ಬರೀ ನೀರು ಕೊಡೋಣ... ಮೊದಲು ಟವೆಲ್ ಕೊಡು, ಮಗೂ ಬಾಯಿ ಒರೆಸ್ಬೇಕು."

ಅಂದಿನಿಂದ ಆ ಬಚ್ಚಲಲ್ಲಿ ಎರಡು ಹೊತ್ತೂ ಎರಡು ಬಾಯಿ ತೆರೆದುಕೊಳ್ಳುತ್ತವೆ.

*ದೊಡ್ಡವರು ಮುಚ್ಚಿಟ್ಟಿದ್ದನ್ನು ತೆರೆದು ತೋರಿಸಿದರೆ, ಮಕ್ಕಳ ಭಯ ತಾನಾಗಿಯೇ ಬಿಡುತ್ತದೆ.*

ನಿಮ್ಮ ಮನೆಯ ಮಗು ನಿಮ್ಮನ್ನು ನೋಡಿ ಏನನ್ನು ಮುಚ್ಚಿಟ್ಟುಕೊಳ್ಳಲು ಕಲಿಯುತ್ತಿದೆ?